ಕ್ರಮಯೋಜನೆಯೋ, ವಿಕಲ್ಪವೋ? ಸಂಭವನೀಯತೆಯ ಲೆಕ್ಕದಲ್ಲಿ ಅನುಕ್ರಮದ ಪ್ರಶ್ನೆ

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ):

ನಮಸ್ಕಾರ ಮೇಡಂ. ಅನುಕ್ರಮ ಮುಖ್ಯವಾದರೆ ಕ್ರಮಯೋಜನೆ, ಮುಖ್ಯವಲ್ಲದಿದ್ದರೆ ವಿಕಲ್ಪ ಎಂದು ನಾವು ತರಗತಿಯಲ್ಲಿ ಕಲಿತಿದ್ದೇವೆ. ಅದನ್ನೇ ಅನುಸರಿಸಿ ಎರಡು ಲೆಕ್ಕಗಳನ್ನು ಮಾಡಿದೆ. ಮೊದಲನೆಯದು, 52 ಎಲೆಗಳ ಇಸ್ಪೀಟು ಕಟ್ಟಿನಿಂದ ಮೂರು ಎಲೆ ತೆಗೆದಾಗ ಮೂರೂ ಒಂದೇ ಬೆಲೆಯವು (ಮೂರು ಎಕ್ಕ, ಮೂರು ರಾಜ, ಹೀಗೆ) ಆಗಿರುವ ಸಂಭವನೀಯತೆ. ನಾನು ವಿಕಲ್ಪದಿಂದ ಮಾಡಿದಾಗ 52/22,100 ಬಂತು. ನನ್ನ ಗೆಳತಿ ಕ್ರಮಯೋಜನೆಯಿಂದ ಮಾಡಿದಾಗ 312/1,32,600 ಬಂತು. ಎರಡೂ 1/425ಕ್ಕೆ ಸಮ. ಎರಡನೆಯದು, ಮೂರು ದಾಳ ಎಸೆದಾಗ ಮೊತ್ತ 9 ಅಥವಾ 10 ಬರುವ ಸಂಭವನೀಯತೆ. ಮೊತ್ತದಲ್ಲಿ ಅನುಕ್ರಮಕ್ಕೆ ಬೆಲೆಯಿಲ್ಲವೆಂದು ವಿಕಲ್ಪಗಳನ್ನು ಎಣಿಸಿದೆ. 9ಕ್ಕೂ ಆರು, 10ಕ್ಕೂ ಆರು, ಒಟ್ಟು 56. ಆದ್ದರಿಂದ ಎರಡಕ್ಕೂ 6/56 ಎಂದು ಬರೆದೆ. ಉತ್ತರಪಟ್ಟಿಯಲ್ಲಿ 25/216 ಮತ್ತು 27/216 ಎಂದಿದೆ. ಮೊದಲನೆಯದರಲ್ಲಿ ಯಾವ ದಾರಿ ಹಿಡಿದರೂ ಸರಿಯಾಗುವುದು, ಎರಡನೆಯದರಲ್ಲಿ ವಿಕಲ್ಪ ತಪ್ಪಾಗುವುದು ಏಕೆ?

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕಿ):

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ತೊಡಕು ಎಲ್ಲಿದೆಯೆಂಬುದು ಅವುಗಳ ನಡುವಣ ವ್ಯತ್ಯಾಸದಲ್ಲೇ ಕಾಣುತ್ತದೆ.

ನೀವು ಕಲಿತ ಸೂತ್ರವಾಕ್ಯ ಎಣಿಕೆಯ ಮಟ್ಟಿಗೆ ಸರಿ. ಐವರು ಸದಸ್ಯರಿರುವ ಸಂಘದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಮೂರು ಹುದ್ದೆಗಳನ್ನು ತುಂಬಲು 5 × 4 × 3 = 60 ಬಗೆಗಳಿವೆ; ಅದೇ ಐವರಲ್ಲಿ ಮೂವರ ಸಮಿತಿ ರಚಿಸಲು 10 ಬಗೆಗಳು ಮಾತ್ರ, ಏಕೆಂದರೆ ಯಾವುದೇ ಮೂವರು ಮೂರು ಹುದ್ದೆಗಳಲ್ಲಿ ಆರು ರೀತಿ ಕೂರಬಲ್ಲರು, ಸಮಿತಿಯಲ್ಲಾದರೋ ಆ ಆರೂ ಒಂದೇ. ಆದರೆ ಸಂಭವನೀಯತೆ ಬರಿಯ ಎಣಿಕೆಯಲ್ಲ. ಅನುಕೂಲ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಬಹುದೆಂಬ ನಿಯಮದ ಹಿಂದೆ ಒಂದು ಷರತ್ತಿದೆ: ಎಣಿಸಿದ ಪ್ರತಿಯೊಂದು ಫಲಿತವೂ ಸಮಸಂಭವವಾಗಿರಬೇಕು, ಅಂದರೆ ಒಂದಕ್ಕಿಂತ ಇನ್ನೊಂದು ಬರುವ ಅವಕಾಶ ಹೆಚ್ಚೂ ಆಗಿರಬಾರದು, ಕಡಿಮೆಯೂ ಆಗಿರಬಾರದು. ಪಠ್ಯದಲ್ಲಿ ಈ ಮಾತು ಒಂದೇ ಸಾಲಿನಲ್ಲಿ ಬಂದುಹೋಗುವುದರಿಂದ ಅನೇಕರು ಅದನ್ನು ದಾಟಿಕೊಂಡು ನೇರವಾಗಿ ಸೂತ್ರಕ್ಕೆ ಹೋಗುತ್ತಾರೆ. ಯಾವ ಸೂತ್ರ ಎಂದು ಕೇಳುವುದಕ್ಕೆ ಮೊದಲು ಸಮಸಂಭವ ಫಲಿತಗಳು ಯಾವುವು ಎಂದು ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಇಸ್ಪೀಟಿನ ಲೆಕ್ಕ ನೋಡಿ. ಕಟ್ಟಿನಲ್ಲಿ ಪ್ರತಿ ಎಲೆಯೂ ಒಂದೇ ಒಂದು ಇದೆ, ಒಮ್ಮೆ ತೆಗೆದ ಎಲೆಯನ್ನು ಮರಳಿ ಇಡುವುದಿಲ್ಲ. ಆದ್ದರಿಂದ ಕೈಗೆ ಬಂದ ಮೂರು ಎಲೆಗಳು ಯಾವುವೇ ಆಗಿರಲಿ, ಅವು ಬಂದಿರಬಹುದಾದ ಅನುಕ್ರಮಗಳು ಸರಿಯಾಗಿ ಆರು; ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಮ್ಮ ಗೆಳತಿ ಅನುಕ್ರಮಸಹಿತ ಎಣಿಸಿದಾಗ ಅಂಶದಲ್ಲಿರುವ 52 ಆರುಪಟ್ಟಾಗಿ 312 ಆಯಿತು, ಛೇದದಲ್ಲಿರುವ 22,100 ಆರುಪಟ್ಟಾಗಿ 1,32,600 ಆಯಿತು, ಆ ಆರು ಮೇಲೂ ಕೆಳಗೂ ಹೊಡೆದುಹೋಯಿತು. ಹೀಗೆ ಎಲ್ಲ ವಿಕಲ್ಪಗಳಿಗೂ ಒಂದೇ ತೂಕವಿರುವ ಕಡೆ ಎರಡು ದಾರಿಗಳೂ ಒಂದೇ ಊರು ಸೇರುತ್ತವೆ.

ದಾಳಗಳಲ್ಲಿ ಹಾಗಲ್ಲ, ಅಲ್ಲಿ ಅಂಕಿ ಪುನರಾವರ್ತನೆಯಾಗಬಹುದು. ಮೊತ್ತ 9 ಬರುವ ನಿಮ್ಮ ಆರು ವಿಕಲ್ಪಗಳನ್ನು ಒಂದೊಂದಾಗಿ ತೂಗೋಣ. 6-2-1, 5-3-1, 4-3-2 ಈ ಮೂರರಲ್ಲಿ ಅಂಕಿಗಳೆಲ್ಲ ಬೇರೆಬೇರೆ, ಆದ್ದರಿಂದ ಪ್ರತಿಯೊಂದೂ ಆರು ಅನುಕ್ರಮಗಳಲ್ಲಿ ಬೀಳುತ್ತದೆ. 5-2-2 ಮತ್ತು 4-4-1ರಲ್ಲಿ ಒಂದು ಅಂಕಿ ಎರಡು ಸಲ ಇರುವುದರಿಂದ ಮೂರು ಮೂರು ಅನುಕ್ರಮಗಳು ಮಾತ್ರ. 3-3-3 ಬೀಳುವುದು ಒಂದೇ ರೀತಿ. ಒಟ್ಟು 18 + 6 + 1 = 25. ಮೊತ್ತ 10ಕ್ಕೆ 6-3-1, 5-4-1, 5-3-2 ತಲಾ ಆರರಂತೆ 18, 6-2-2, 4-4-2, 4-3-3 ತಲಾ ಮೂರರಂತೆ 9, ಒಟ್ಟು 27. 9ರ ಪಟ್ಟಿಯಲ್ಲಿ 3-3-3 ಎಂಬ ಹಗುರವಾದ ವಿಕಲ್ಪವೊಂದು ಸೇರಿಕೊಂಡದ್ದೇ ವ್ಯತ್ಯಾಸಕ್ಕೆ ಕಾರಣ. ನೀವು ಎಣಿಸಿದ 56 ವಿಕಲ್ಪಗಳಲ್ಲಿಯೂ 20ಕ್ಕೆ ತೂಕ ಆರು, 30ಕ್ಕೆ ಮೂರು, 6ಕ್ಕೆ ಒಂದು; ಕೂಡಿಸಿದರೆ 120 + 90 + 6 = 216, ಅಂದರೆ 6 × 6 × 6. ಸಮಸಂಭವವಾದದ್ದು ಈ 216 ಅನುಕ್ರಮಗಳೇ ಹೊರತು ಆ 56 ಅಲ್ಲ.

ಇದು ಹಳೆಯ ಪ್ರಶ್ನೆ. ಇಟಲಿಯ ಟಸ್ಕನಿಯ ಆಸ್ಥಾನದಲ್ಲಿದ್ದ ಗೆಲಿಲಿಯೋ 17ನೇ ಶತಮಾನದ ಮೊದಲ ಭಾಗದಲ್ಲಿ ಇದೇ ವಿಷಯದ ಮೇಲೆ ಒಂದು ಸಣ್ಣ ಟಿಪ್ಪಣಿ ಬರೆದಿದ್ದಾನೆ. 9ಕ್ಕೂ 10ಕ್ಕೂ ಆರಾರೇ ವಿಕಲ್ಪಗಳಿದ್ದರೂ 10 ಹೆಚ್ಚು ಸಲ ಬೀಳುತ್ತದೆಂದು ದೀರ್ಘಕಾಲ ಆಡಿದ ಜೂಜುಗಾರರು ಗಮನಿಸಿದ್ದರು. ಗೆಲಿಲಿಯೋ 216ನ್ನೂ ಲೆಕ್ಕಹಾಕಿ 27 ಮತ್ತು 25ನ್ನು ತೋರಿಸಿಕೊಟ್ಟ. ಎರಡರ ನಡುವಣ ವ್ಯತ್ಯಾಸ 1/108 ಮಾತ್ರ. ಅಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣಳತೆಯಿಂದಲೇ ಹಿಡಿದ ಆ ಆಟಗಾರರ ತಾಳ್ಮೆಯ ಬಗ್ಗೆ ನನಗೆ ಇಂದಿಗೂ ಬೆರಗಿದೆ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ):

ಮೇಲಿನ ಉತ್ತರದ ಬಗ್ಗೆ ಒಂದು ಸಂದೇಹ ಮೇಡಂ. ಮೂರು ದಾಳಗಳೂ ನೋಡಲು ಒಂದೇ ಥರ ಇದ್ದರೆ, 5-2-2 ಮತ್ತು 2-5-2 ಎಂಬ ಭೇದವನ್ನು ಯಾರೂ ಗುರುತಿಸಲಾರರು. ಗುರುತಿಸಲಾಗದ ಭೇದವನ್ನು ಲೆಕ್ಕಕ್ಕೆ ಏಕೆ ತರಬೇಕು?

ಉತ್ತರ:

ದಾಳಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಬಳಿದಿರಿ ಎಂದುಕೊಳ್ಳಿ. ಆಗ ಅನುಕ್ರಮಗಳು 216 ಎಂಬುದನ್ನು ನೀವೂ ಒಪ್ಪುತ್ತೀರಿ. ಬಣ್ಣ ಬಳಿದ ಮಾತ್ರಕ್ಕೆ ಮೊತ್ತ 10 ಬೀಳುವ ಅವಕಾಶ ಬದಲಾಗಲಾರದು; ದಾಳ ಉರುಳುವುದಕ್ಕೂ ನಮ್ಮ ಕಣ್ಣು ಅದನ್ನು ಗುರುತಿಸುವುದಕ್ಕೂ ಸಂಬಂಧವಿಲ್ಲ. ಬಣ್ಣ ಒರೆಸಿದ ಮೇಲೂ ಅದೇ 27/216 ಉಳಿಯುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಎರಡು ದಾಳಗಳಲ್ಲಿ 11 ಬರುವುದು 6-5 ಎಂಬ ಒಂದೇ ಜೋಡಿಯಿಂದ, 12 ಬರುವುದು 6-6 ಎಂಬ ಒಂದೇ ಜೋಡಿಯಿಂದ, ಆದ್ದರಿಂದ ಎರಡರ ಅವಕಾಶವೂ ಸಮ ಎಂದು ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್ ಭಾವಿಸಿದ್ದ. ವಾಸ್ತವದಲ್ಲಿ 11ಕ್ಕೆ 2/36, 12ಕ್ಕೆ 1/36. ಫ್ರಾನ್ಸಿನ ಗಣಿತಜ್ಞ ದಾಲಂಬೇರ್ 1754ರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಹೆಡ್ ಬೀಳುವ ಅವಕಾಶ 2/3 ಎಂದು ವಾದಿಸಿದ. ಮೊದಲ ಸಲವೇ ಹೆಡ್ ಬಿದ್ದರೆ ಆಟ ಅಲ್ಲಿಗೇ ಮುಗಿಯುವುದರಿಂದ ಮೂರೇ ಸಾಧ್ಯತೆಗಳಿವೆ ಎಂಬುದು ಅವನ ವಾದ. ಮೂರು ಸಾಧ್ಯತೆಗಳಿವೆ ಎಂಬುದು ನಿಜ, ಆದರೆ ಅವು ಸಮಸಂಭವವಲ್ಲ. ಮೊದಲ ಎಸೆತದಲ್ಲೇ ಹೆಡ್ ಬೀಳುವ ಅವಕಾಶ ಅರ್ಧ, ಉಳಿದ ಎರಡಕ್ಕೆ ಕಾಲು ಕಾಲು. ಸರಿಯುತ್ತರ 3/4.

ಹಾಗಿದ್ದರೂ ನಿಮ್ಮ ಸಂದೇಹ ಹಗುರವಾದದ್ದಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ ಪ್ರಬಂಧದ ತಿರುಳೇ ಇಂಥದೊಂದು ಎಣಿಕೆ. ಎರಡು ಕಣಗಳು ಎರಡು ಸ್ಥಿತಿಗಳಲ್ಲಿ ಹಂಚಿಹೋಗಲು ದಾಳ ನಾಣ್ಯಗಳ ರೀತಿಯಲ್ಲಾದರೆ ನಾಲ್ಕು ಸಮಸಂಭವ ಬಗೆಗಳು. ಬೆಳಕಿನ ಕಣಗಳಾದ ಫೋಟಾನುಗಳಿಗೆ ಅನುಕ್ರಮವಿಲ್ಲದ ಮೂರು ಬಗೆಗಳೇ ಸಮಸಂಭವ ಎಂದು ಎಣಿಸಿದಾಗ, ಕಾದ ವಸ್ತು ಸೂಸುವ ಬೆಳಕನ್ನು ವಿವರಿಸುವ ಪ್ಲಾಂಕ್‌ನ ವಿಕಿರಣ ನಿಯಮ ಸರಿಯಾಗಿ ಹೊರಬರುತ್ತದೆ. ಯಾವ ಫಲಿತಗಳಿಗೆ ಸಮ ತೂಕ ಎಂಬುದನ್ನು ವಸ್ತುಗಳ ಸ್ವಭಾವ ಹೇಳುತ್ತದೆ, ಸೂತ್ರ ಹೇಳುವುದಿಲ್ಲ. ದಾಳ, ನಾಣ್ಯ, ಚೀಟಿ, ಎಲೆಗಳ ಮಟ್ಟಿಗೆ ಪ್ರತಿಯೊಂದು ವಸ್ತುವೂ ಬೇರೆಯೆಂದು ಎಣಿಸುವುದೇ ಸರಿಯಾದ ಆರಂಭ.

ಪ್ರಶ್ನೆ (ಬ್ರಿಟನ್‌ನಲ್ಲಿ ನೆಲೆಸಿರುವ ಸದಸ್ಯರು):

ಇಲ್ಲಿಯ ರಾಷ್ಟ್ರೀಯ ಲಾಟರಿಯಲ್ಲಿ 59 ಚೆಂಡುಗಳಿಂದ ಆರನ್ನು ಒಂದರ ನಂತರ ಒಂದರಂತೆ ತೆಗೆಯುತ್ತಾರೆ. ಒಂದಾದ ಮೇಲೊಂದು ಬರುವುದರಿಂದ ನಾನು 1/59 × 1/58 × 1/57 × 1/56 × 1/55 × 1/54 ಎಂದು ಗುಣಿಸಿದೆ. ಆದರೆ ಆರೂ ಸಂಖ್ಯೆ ಹೊಂದುವ ಅವಕಾಶ ಸುಮಾರು 4.5 ಕೋಟಿಗೆ ಒಂದು ಎಂದು ಹೇಳುತ್ತಾರೆ. ನನಗೆ ಬಂದದ್ದು ಅದಕ್ಕಿಂತ ಬಹಳ ಸಣ್ಣ ಸಂಖ್ಯೆ.

ಉತ್ತರ:

ನಿಮ್ಮ ಗುಣಾಕಾರ, ಚೀಟಿಯಲ್ಲಿ ಬರೆದ ಅನುಕ್ರಮದಲ್ಲೇ ಚೆಂಡುಗಳು ಬರಬೇಕೆಂಬ ಆಟಕ್ಕೆ ಸರಿಹೊಂದುತ್ತದೆ; ಅದರ ಅವಕಾಶ 3,244 ಕೋಟಿಗೆ ಒಂದು. ನಿಜವಾದ ಆಟದಲ್ಲಿ ಮೊದಲ ಚೆಂಡು ನಿಮ್ಮ ಆರರಲ್ಲಿ ಯಾವುದಾದರೂ ಆಗಬಹುದು, ಎರಡನೆಯದು ಉಳಿದ ಐದರಲ್ಲಿ ಯಾವುದಾದರೂ ಆಗಬಹುದು. ಆದ್ದರಿಂದ ಅಂಶಗಳು 6, 5, 4, 3, 2, 1 ಆಗಬೇಕು. ಅವುಗಳ ಗುಣಲಬ್ಧ 720, ಅಂದರೆ ಆರರ ಫ್ಯಾಕ್ಟೋರಿಯಲ್. ಅದರಿಂದ ಭಾಗಿಸಿದಾಗ ಛೇದ 4,50,57,474 ಆಗುತ್ತದೆ. 1994ರಲ್ಲಿ ಈ ಲಾಟರಿ ಆರಂಭವಾದಾಗ ಚೆಂಡುಗಳು 49 ಇದ್ದವು, ಆಗ ಈ ಸಂಖ್ಯೆ 1,39,83,816 ಆಗಿತ್ತು. 2015ರಲ್ಲಿ ಹತ್ತು ಚೆಂಡು ಸೇರಿಸಿದ್ದರಿಂದ ಗೆಲ್ಲುವ ಅವಕಾಶ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಬಾಜಿ ಕಟ್ಟುವವರ ಭಾಷೆಯಲ್ಲಿ ಹೇಳುವ ಪ್ರತಿಕೂಲ ಮತ್ತು ಅನುಕೂಲಗಳ ಅನುಪಾತ ಬೇಕಾದರೆ ಛೇದದಿಂದ ಒಂದನ್ನು ಕಳೆಯಬೇಕು: 4,50,57,473ಕ್ಕೆ 1. ಇಸ್ಪೀಟಿನ 1/425 ಆ ಭಾಷೆಯಲ್ಲಿ 424ಕ್ಕೆ 1 ಆಗುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪು ನನ್ನ ಬಳಿ ಬರುವ ಉತ್ತರಪತ್ರಿಕೆಗಳಲ್ಲಿ ಹೆಚ್ಚು ಕಾಣುತ್ತದೆ. ಅಂಶವನ್ನು ಅನುಕ್ರಮಸಹಿತವಾಗಿ, ಛೇದವನ್ನು ಅನುಕ್ರಮರಹಿತವಾಗಿ ಎಣಿಸುವುದೇ ಅದು. ಐವರಲ್ಲಿ ಮೂವರ ಸಮಿತಿಯನ್ನು ಚೀಟಿ ಎತ್ತಿ ಆರಿಸುವಾಗ ನಿರ್ದಿಷ್ಟ ಒಬ್ಬರು ಸಮಿತಿಯಲ್ಲಿರುವ ಅವಕಾಶವನ್ನು ಕೇಳಿದರೆ, ವಿಕಲ್ಪದಿಂದ 6/10, ಕ್ರಮಯೋಜನೆಯಿಂದ 36/60, ಎರಡೂ 3/5. ಎರಡನ್ನೂ ಬೆರೆಸಿ 36/10 ಎಂದು ಬರೆದರೆ 3.6 ಬರುತ್ತದೆ, ಸಂಭವನೀಯತೆ ಒಂದನ್ನು ಮೀರುವುದು ಅಸಾಧ್ಯವಾದ್ದರಿಂದ ಇಲ್ಲಿ ತಪ್ಪು ತಾನೇ ಬಯಲಾಗುತ್ತದೆ. ಇಸ್ಪೀಟಿನಲ್ಲಿ 312/22,100 ಎಂದು ಬರೆದಾಗ ಉತ್ತರ 0.014ರಷ್ಟಿದ್ದು ನಂಬುವಂತೆಯೇ ಕಾಣುತ್ತದೆ, ಆದ್ದರಿಂದ ಅದು ಹೆಚ್ಚು ಅಪಾಯಕಾರಿ. ಯಾವ ರೀತಿ ಎಣಿಸಿದರೂ ಮೇಲೆ ಕೆಳಗೆ ಒಂದೇ ರೀತಿ ಇರಲಿ.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು, ಕಲಬುರಗಿ):

ವಿಕಲ್ಪದ ಸೂತ್ರವನ್ನು ಮೊದಲು ಕೊಟ್ಟವರು ನಮ್ಮ ಮಾನ್ಯಖೇಟದ ಮಹಾವೀರಾಚಾರ್ಯರು ಎಂದು ಕೇಳಿದ್ದೇನೆ. ಮಕ್ಕಳಿಗೆ ಹೇಳಬಹುದೇ?

ಉತ್ತರ:

ಅವರ ಬಗ್ಗೆ ಹೇಳಲೇಬೇಕು, ಆದರೆ ಮಾತನ್ನು ಅಳೆದು ಹೇಳಿ ಸರ್. ಮಹಾವೀರಾಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು 850ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಆ ದೊರೆಯನ್ನು ಹೊಗಳಿದ್ದಾರೆ. ಅದರಲ್ಲಿ ವಿಕಲ್ಪಗಳನ್ನು ಎಣಿಸುವ ಸಾಮಾನ್ಯ ನಿಯಮ ಸ್ಪಷ್ಟವಾಗಿದೆ: ಒಂದರಿಂದ ಏರುವ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ, ಇಳಿಯುವ ಸಂಖ್ಯೆಗಳನ್ನು ಇನ್ನೊಂದು ಸಾಲಿನಲ್ಲಿ ಬರೆದು, ಇಳಿಯುವ ಸಾಲಿನ ಮೊದಲ ಬೇಕಾದಷ್ಟು ಪದಗಳ ಗುಣಲಬ್ಧವನ್ನು ಏರುವ ಸಾಲಿನ ಅಷ್ಟೇ ಪದಗಳ ಗುಣಲಬ್ಧದಿಂದ ಭಾಗಿಸುವುದು. ಇಂದಿನ ಸೂತ್ರವೂ ಅದೇ. ಆರು ರಸಗಳ (ಸಿಹಿ, ಹುಳಿ ಮೊದಲಾದ ರುಚಿಗಳ) ಉದಾಹರಣೆಯೂ ಅಲ್ಲಿದೆ. ಅವರಿಗಿಂತ ಮೊದಲೇ ಭಾರತದಲ್ಲಿ ರಸಗಳ ಮತ್ತು ಛಂದಸ್ಸಿನ ಇಂಥ ಎಣಿಕೆಗಳು ನಡೆದಿದ್ದವು, ಆದ್ದರಿಂದ ‘ಸಾಮಾನ್ಯ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟವರು’ ಎನ್ನುವುದೇ ನ್ಯಾಯವಾದ ಮಾತು.

ತರಗತಿಯಲ್ಲಿ ಈ ರಸಗಳ ಲೆಕ್ಕದ ಪಕ್ಕದಲ್ಲಿ 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಕೊಟ್ಟ ಲೆಕ್ಕವನ್ನು ಇಡಿ. ಆರು ರಸಗಳಲ್ಲಿ ಒಂದು, ಎರಡು, ಮೂರು ಹೀಗೆ ಬೆರೆಸಿದರೆ 6, 15, 20, 15, 6, 1, ಒಟ್ಟು 63 ರುಚಿಗಳು. ಹುಳಿ ಮೊದಲೋ ಉಪ್ಪು ಮೊದಲೋ ಎಂಬುದರಿಂದ ರುಚಿ ಬೇರೆಯಾಗುವುದಿಲ್ಲ. ಭಾಸ್ಕರಾಚಾರ್ಯರದು ಶಂಭುವಿನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಬದಲಿಸಿ ಬದಲಿಸಿ ಇಟ್ಟರೆ ಎಷ್ಟು ರೂಪಭೇದಗಳು ಎಂಬ ಪ್ರಶ್ನೆ. ಯಾವ ಕೈಯಲ್ಲಿ ಯಾವುದು ಎಂಬುದೇ ಅಲ್ಲಿ ಮುಖ್ಯವಾದ್ದರಿಂದ ಉತ್ತರ 36,28,800. ಶಂಖ, ಚಕ್ರ, ಗದೆ, ಪದ್ಮಗಳನ್ನು ಹಿಡಿದ ಹರಿಯ ನಾಲ್ಕು ಕೈಗಳಿಗಾದರೆ 24. ಮಕ್ಕಳಿಗೆ ವ್ಯತ್ಯಾಸ ತಿಳಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಇವೆರಡೂ ಎಣಿಕೆಗಳು ಮಾತ್ರ; ಆರು ರಸಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಮೂರನ್ನು ಎತ್ತಿಸಿ, ಸಿಹಿ ಇರುವ ಅವಕಾಶವೆಷ್ಟು ಎಂದು ಕೇಳಿದಾಗ (20ರಲ್ಲಿ 10, ಅಂದರೆ ಅರ್ಧ) ಸಂಭವನೀಯತೆ ಆರಂಭವಾಗುತ್ತದೆ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ):

ಧನ್ಯವಾದಗಳು ಮೇಡಂ. ಪರೀಕ್ಷಿಸಿಕೊಳ್ಳಲು ಒಂದು ಲೆಕ್ಕ ಮಾಡಿದ್ದೇನೆ. ಎರಡು ಎಲೆ ತೆಗೆದಾಗ ಒಂದು ಎಕ್ಕ, ಒಂದು ರಾಜ ಬರುವ ಸಂಭವನೀಯತೆ: ವಿಕಲ್ಪದಿಂದ 16/1,326, ಕ್ರಮಯೋಜನೆಯಿಂದ 32/2,652. ಎರಡೂ 8/663. ಮೊದಲ ಎಲೆಯನ್ನು ಮರಳಿ ಇಟ್ಟು ಕಲಸಿ ಎರಡನೆಯದನ್ನು ತೆಗೆದರೆ?

ಉತ್ತರ:

ನಿಮ್ಮ ಲೆಕ್ಕ ಸರಿಯಾಗಿದೆ. ಎಕ್ಕ ಮೊದಲು ಬಂದು ರಾಜ ನಂತರ ಬರುವ 16 ಬಗೆಗಳ ಜೊತೆಗೆ, ರಾಜ ಮೊದಲು ಬರುವ 16ನ್ನೂ ಸೇರಿಸಿ 32 ಎಂದು ಬರೆದಿರುವುದು ಮುಖ್ಯ. ಹಲವರು ಅಲ್ಲಿ 16ಕ್ಕೇ ನಿಲ್ಲುತ್ತಾರೆ. ಎಲೆಯನ್ನು ಮರಳಿ ಇಟ್ಟರೆ ಅದೇ ಎಲೆ ಎರಡನೆಯ ಸಲವೂ ಬರಬಹುದು, ಆಗ ಇದು ದಾಳದ ಲೆಕ್ಕದ ಜಾತಿಗೆ ಸೇರುತ್ತದೆ. ಸಮಸಂಭವವಾದದ್ದು 52 × 52 = 2,704 ಅನುಕ್ರಮಗಳು, ಉತ್ತರ 32/2,704, ಅಂದರೆ 2/169. ಅನುಕ್ರಮ ಬಿಟ್ಟು ಎಣಿಸಿದರೆ 1,378 ಜೋಡಿಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಒಂದೇ ಎಲೆ ಎರಡು ಸಲ ಬಂದ 52 ಜೋಡಿಗಳ ತೂಕ ಉಳಿದವುಗಳ ಅರ್ಧ ಮಾತ್ರ, ಆದ್ದರಿಂದ 16/1,378 ಎಂದು ಬರೆಯುವಂತಿಲ್ಲ.