ಭೂಕಂಪ ಆದಾಗ ಬೆಟ್ಟ ಯಾಕೆ ಜರಿಯುತ್ತದೆ, ಎಲ್ಲೆಲ್ಲಿ ಜರಿಯುತ್ತದೆ? ಭೂವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು): ಮೇಡಂ, ನಮಸ್ಕಾರ. ಅಕ್ಟೋಬರ್ ರಜೆಗೆ ಮನೆಯವರೆಲ್ಲ ಸೇರಿ ಸಿಕ್ಕಿಂಗೆ ಹೋಗೋಣ ಅಂತಿದ್ದೇವೆ. ಗ್ಯಾಂಗ್ಟಾಕ್, ಅಲ್ಲಿಂದ ಲಾಚುಂಗ್. ಅಮ್ಮನೂ ಬರುತ್ತಾರೆ. ನಮ್ಮ ಮಾವ ಮಾತ್ರ "2011ರಲ್ಲಿ ಅಲ್ಲಿ ಭೂಕಂಪ ಆಗಿ ಗುಡ್ಡ ಬಿದ್ದು ರಸ್ತೆಯೇ ಇರಲಿಲ್ಲ, ವಯಸ್ಸಾದವರನ್ನು ಕರ್ಕೊಂಡು ಹೋಗಬೇಡಿ" ಎಂದು ಹೆದರಿಸಿದ್ದಾರೆ. ಭೂಕಂಪಕ್ಕೆ ಕಟ್ಟಡ ಬೀಳುವುದು ಗೊತ್ತು. ಬೆಟ್ಟ ಯಾಕೆ ಬೀಳುತ್ತದೆ? ಎಲ್ಲ ಕಡೆ ಬೀಳುತ್ತದಾ, ಇಲ್ಲ ಇಂಥ ಜಾಗ ಅಂತ ಇದೆಯಾ?

ಉತ್ತರ (ಭೂವಿಜ್ಞಾನಿ): ನಮಸ್ಕಾರ. ನಿಮ್ಮ ಮಾವ ಸುಮ್ನೆ ಹೇಳಿಲ್ಲ. 2011ರ ಸೆಪ್ಟೆಂಬರ್ 18ರ ಸಂಜೆ ಸಿಕ್ಕಿಂ-ನೇಪಾಳ ಗಡಿಯಲ್ಲಿ 6.9 ತೀವ್ರತೆಯ ಭೂಕಂಪ ಆಯಿತು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಮಣ್ಣು ನೀರು ಕುಡಿದು ಕೂತಿತ್ತು. ಮಂಗನ್, ಚುಂಗ್‌ಥಾಂಗ್ ಕಡೆಯ ರಸ್ತೆಗಳ ಮೇಲೆ ಸಾಲುಸಾಲಾಗಿ ಗುಡ್ಡ ಜರಿಯಿತು. ರಕ್ಷಣಾ ತಂಡಗಳು ಹಳ್ಳಿ ತಲುಪಲು ಪರದಾಡಿದವು. ನೀವು ಲಾಚುಂಗ್‌ಗೆ ಹೋಗುವುದೂ ಅದೇ ದಾರಿಯಲ್ಲಿ. ಹಾಗಂತ ಟಿಕೆಟ್ ಕ್ಯಾನ್ಸಲ್ ಮಾಡಿ ಅಂತ ನಾನು ಹೇಳುವುದಿಲ್ಲ. ಮೊದಲು ಬೆಟ್ಟ ಹೇಗೆ ಜರಿಯುತ್ತದೆ ಅಂತ ನೋಡೋಣ.

ಯಾವುದೇ ಇಳಿಜಾರಿನಲ್ಲಿ ಒಂದು ಜಗ್ಗಾಟ ನಡೆದೇ ಇರುತ್ತದೆ. ಬೆಟ್ಟದ ಭಾರ ಕೆಳಕ್ಕೆ ಎಳೆಯುತ್ತದೆ. ಕಲ್ಲು ಮಣ್ಣಿನ ನಡುವಿನ ತಿಕ್ಕಾಟ ಮತ್ತು ಅಂಟು ಅದನ್ನು ಹಿಡಿದಿಡುತ್ತವೆ. ಹಿಮಾಲಯದ ಎಷ್ಟೋ ಕಡಿದಾದ ಇಳಿಜಾರುಗಳಲ್ಲಿ ಈ ಹಿಡಿತ ಎಳೆತಕ್ಕಿಂತ ಚೂರೇ ಚೂರು ಜಾಸ್ತಿ. ಭೂಕಂಪದ ಅಲೆ ಬಂದಾಗ ಇಡೀ ಬೆಟ್ಟ ಅಡ್ಡಡ್ಡ ಅಲುಗುತ್ತದೆ. ಬೆಟ್ಟದ ಮೈಯನ್ನು ಯಾರೋ ಒಳಗಿನಿಂದ ಮತ್ತೆ ಮತ್ತೆ ಹೊರಕ್ಕೆ ದೂಡಿದ ಹಾಗೆ ಆಗುತ್ತದೆ. ಒಂದೊಂದು ದೂಡಿಗೂ ಬಂಡೆಯ ಹಳೇ ಬಿರುಕುಗಳು ಇನ್ನಷ್ಟು ಬಾಯಿ ಬಿಡುತ್ತವೆ. ಆ ಬಿರುಕು ಇಳಿಜಾರಿನ ಕಡೆಗೇ ವಾಲಿದ್ದರೆ ಮೇಲಿನ ಬಂಡೆ ಅದರ ಮೇಲೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಹಿಡಿತ ತಪ್ಪಿದ ಮೇಲೆ ನಡುಕ ನಿಂತರೂ ಜಾರುವುದು ನಿಲ್ಲುವುದಿಲ್ಲ. ಹಾಗಾಗಿ ಎಷ್ಟು ಜೋರಾಗಿ ನಡುಗಿತು ಅನ್ನುವಷ್ಟೇ ಎಷ್ಟು ಹೊತ್ತು ನಡುಗಿತು ಅನ್ನುವುದೂ ಮುಖ್ಯ. ದೊಡ್ಡ ಭೂಕಂಪದಲ್ಲಿ ಇದು ಒಂದು ನಿಮಿಷ ದಾಟುವುದೂ ಉಂಟು.

ಇನ್ನು ಎಲ್ಲಿ ಅನ್ನುವ ಪ್ರಶ್ನೆ. ಬೆಟ್ಟದ ಬುಡಕ್ಕಿಂತ ನೆತ್ತಿ ಹೆಚ್ಚು ನಡುಗುತ್ತದೆ, ತೆಂಗಿನ ಮರದ ತುದಿ ಓಲಾಡುವ ಹಾಗೆ. ಬೆಟ್ಟಸಾಲಿನ ಕಿರಿದಾದ ನೆತ್ತಿಯ ಮೇಲೆ ಇದು ಇನ್ನೂ ಜಾಸ್ತಿ. ಹಾಗಾಗಿ ಭೂಕಂಪಕ್ಕೆ ಬೀಳುವ ಬೆಟ್ಟ ಹೆಚ್ಚಾಗಿ ಮೇಲಿನಿಂದ, ನೆತ್ತಿಯ ಹತ್ತಿರದಿಂದ ಬೀಳುತ್ತದೆ. ಮಳೆಗೆ ಜರಿಯುವುದು ಬೇರೆ ಥರ. ಅದು ಹೆಚ್ಚಾಗಿ ನೀರು ಸೇರುವ ತಗ್ಗಿನಲ್ಲಿ, ತೊರೆಯ ಬದಿಯಲ್ಲಿ, ರಸ್ತೆಗೆಂದು ಬೆಟ್ಟ ಕಡಿದು ನಿಲ್ಲಿಸಿದ ಧರೆಯಲ್ಲಿ ಶುರುವಾಗುತ್ತದೆ. ಒಂದು ಕಣಿವೆಯ ಉಪಗ್ರಹ ಚಿತ್ರ ನೋಡಿದರೆ ಇದನ್ನು ಭೂಕಂಪ ಮಾಡಿದ್ದಾ ಮಳೆ ಮಾಡಿದ್ದಾ ಅಂತ ತಕ್ಕಮಟ್ಟಿಗೆ ಹೇಳಬಹುದು.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಹಾಗಾದರೆ ಭೂಕಂಪದ ಕೇಂದ್ರದಿಂದ ದೂರ ಇದ್ದರೆ ಸೇಫ್ ಅಲ್ವಾ ಮೇಡಂ? ಟಿವಿಯಲ್ಲಿ ಕೇಂದ್ರದ ಸುತ್ತ ವೃತ್ತ ಹಾಕಿ ತೋರಿಸುತ್ತಾರಲ್ಲ.

ಉತ್ತರ: ಆ ವೃತ್ತಗಳನ್ನು ಕಂಡರೆ ನನಗೆ ಕೋಪವೇ ಬರುತ್ತದೆ ಸರ್. ಕೇಂದ್ರ ಅಂದರೆ ಭೂಮಿಯೊಳಗೆ ಸೀಳು ಶುರುವಾದ ಜಾಗ, ಅಷ್ಟೆ. ಸೀಳು ಅಲ್ಲಿಂದ ನೂರಾರು ಕಿಲೋಮೀಟರ್ ಓಡಬಹುದು.

ನೇಪಾಳವನ್ನೇ ನೋಡಿ. 2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನ 12ಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ತೀವ್ರತೆ 7.8. ಕೇಂದ್ರ ಇದ್ದದ್ದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹಳ್ಳಿಯ ಹತ್ತಿರ. ಆದರೆ ಸೀಳು ಪೂರ್ವಕ್ಕೆ, ಕಠ್ಮಂಡುವಿನ ಉತ್ತರ ಭಾಗವನ್ನು ಹಾದು ಸುಮಾರು 140 ಕಿಲೋಮೀಟರ್ ಓಡಿತು. ಮೇ 12ರಂದು ಪೂರ್ವದ ತುದಿಯಲ್ಲಿ 7.3ರ ಮರುಕಂಪನ ಬೇರೆ. ಆಮೇಲೆ ಉಪಗ್ರಹ ಚಿತ್ರಗಳಲ್ಲಿ ಗುರುತಿಸಿದ ಕುಸಿತಗಳು ಸುಮಾರು 25,000. ಅವು ದಟ್ಟವಾಗಿ ಇದ್ದದ್ದು ಕೇಂದ್ರದ ಸುತ್ತ ಅಲ್ಲ, ಪೂರ್ವದಲ್ಲಿ ರಸುವಾ, ಸಿಂಧುಪಾಲ್ಚೋಕ್ ಕಡೆ. ಸೀಳು ಓಡಿದ್ದು ಆ ಕಡೆಗೆ. ನದಿಗಳು ಬೆಟ್ಟವನ್ನು ಆಳವಾಗಿ ಕೊರೆದಿರುವುದೂ ಅಲ್ಲೇ. ದಕ್ಷಿಣದ ತಗ್ಗು ಬೆಟ್ಟಗಳಲ್ಲಿ ಮನೆಗಳು ಬಿದ್ದವು, ಬೆಟ್ಟ ಅಷ್ಟಾಗಿ ಬೀಳಲಿಲ್ಲ.

ಲಾಂಗ್‌ಟಾಂಗ್ ಅಂತ ಒಂದು ಹಳ್ಳಿ. ಕೇಂದ್ರದಿಂದ 70 ಕಿಲೋಮೀಟರಿಗಿಂತ ದೂರ. ಟ್ರೆಕ್ಕಿಂಗ್ ಮಾಡುವವರಿಗೆ ಗೊತ್ತಿರುವ ಹೆಸರು. ಅದರ ತಲೆಯ ಮೇಲಿನ ಶಿಖರಗಳಿಂದ ಹಿಮ, ಮಂಜುಗಡ್ಡೆ, ಬಂಡೆ ಎಲ್ಲ ಒಟ್ಟಿಗೆ ಕಳಚಿ ಬಂತು. ಹಳ್ಳಿ ಪೂರ್ತಿ ಮುಚ್ಚಿಹೋಯಿತು. ಬಂಡೆಯ ಮರೆಯಲ್ಲಿದ್ದ ಒಂದೇ ಒಂದು ಮನೆ ಉಳಿಯಿತು. ಸತ್ತವರು 350ಕ್ಕೂ ಹೆಚ್ಚು, ಅದರಲ್ಲಿ ವಿದೇಶಿ ಟ್ರೆಕ್ಕರ್‌ಗಳೂ ಇದ್ದರು. ಆ ರಾಶಿ ಬೀಳುವಾಗ ಎದ್ದ ಗಾಳಿಯ ಹೊಡೆತಕ್ಕೆ ಕಣಿವೆಯ ಆಚೆ ಬದಿಯ ಮರಗಳೆಲ್ಲ ಅಡ್ಡ ಮಲಗಿದವು. ಕಲ್ಲು ಅಲ್ಲಿಗೆ ತಲುಪಿರಲೇ ಇಲ್ಲ.

ಪೆರುವಿನದು ಇದಕ್ಕಿಂತ ದೂರದ ಕಥೆ. 1970ರ ಮೇ 31ರ ಭೂಕಂಪದ ಕೇಂದ್ರ ಇದ್ದದ್ದು ಸಮುದ್ರದಲ್ಲಿ. ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ ಇದ್ದ ವಾಸ್ಕರಾನ್ ಪರ್ವತದ ಮೇಲ್ಭಾಗ ಕಳಚಿತು. ಕೆಲವೇ ನಿಮಿಷಗಳಲ್ಲಿ ಯುಂಗಾಯ್ ಪಟ್ಟಣ ಮಣ್ಣಾಯಿತು. ಊರ ಪಕ್ಕದ ದಿಬ್ಬದ ಮೇಲೆ ಸ್ಮಶಾನ ಇತ್ತು. ಅಲ್ಲಿಗೆ ಓಡಿದ ಕೆಲವರು ಬದುಕಿಕೊಂಡರು.

ಪ್ರಶ್ನೆ (ಮಡಿಕೇರಿಯ ಸದಸ್ಯರು): ನಮ್ಮಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿಯುವ ಮುಂಚೆ, ಜುಲೈನಲ್ಲಿ ಭೂಮಿ ಸಣ್ಣಗೆ ನಡುಗಿತ್ತು. ಅದರಿಂದಲೇ ಬೆಟ್ಟ ಸಡಿಲ ಆಯಿತು ಅಂತ ಈಗಲೂ ಇಲ್ಲಿ ಹೇಳುತ್ತಾರೆ. 2022ರಲ್ಲೂ ಚೆಂಬು, ಸಂಪಾಜೆ ಕಡೆ ನಡುಗಿತಲ್ಲ. ನಾವು ಹೆದರಬೇಕಾ?

ಉತ್ತರ: ಈ ಪ್ರಶ್ನೆಗೆ ಕಾದಿದ್ದೆ. 2018ರ ಆ ನಡುಕ ತೀವ್ರತೆ 4ಕ್ಕಿಂತ ಕಡಿಮೆ. ಪ್ರಪಂಚದ ದಾಖಲೆ ನೋಡಿದರೆ ಭೂಕುಸಿತ ಶುರುವಾಗುವುದೇ ಸುಮಾರು 4ರ ಆಸುಪಾಸಿನಿಂದ. ಅದೂ ಅಲ್ಲೊಂದು ಇಲ್ಲೊಂದು ಕಲ್ಲು ಉರುಳುವ ಮಟ್ಟಿಗೆ. ಸಾಲುಸಾಲಾಗಿ ಬೆಟ್ಟ ಬೀಳಬೇಕಾದರೆ ಸಾಮಾನ್ಯವಾಗಿ 6 ದಾಟಬೇಕು. ತೀವ್ರತೆಯಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ನಿಮ್ಮೂರಿನ ನಡುಕಕ್ಕೂ ನೇಪಾಳದ್ದಕ್ಕೂ ಇರುವ ಅಂತರ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ.

ನಿಮ್ಮ ಗುಡ್ಡಗಳನ್ನು ಉರುಳಿಸಿದ್ದು ಆ ಆಗಸ್ಟಿನ ಮಳೆ. ಜೊತೆಗೆ ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಜೆಸಿಬಿ ಬಿಟ್ಟು ಬುಡ ಕಡಿದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ ಹೇಳಿದ್ದೂ ಅದನ್ನೇ. 2024ರ ಜುಲೈನಲ್ಲಿ ಶಿರೂರು, ವಯನಾಡು ಎರಡೂ ಕಡೆ ಗುಡ್ಡ ಬಂತಲ್ಲ, ಅಲ್ಲೂ ಮಳೆಯೇ. ತಪ್ಪನ್ನು ಭೂಕಂಪದ ಮೇಲೆ ಹಾಕಿದರೆ ಬುಡ ಕಡಿದವರಿಗೆ ಒಳ್ಳೆಯದು, ಅಷ್ಟೆ.

ಸಹ್ಯಾದ್ರಿಯಲ್ಲಿ ಭೂಕಂಪವೇ ಇಲ್ಲ ಅಂತಲೂ ಅಲ್ಲ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು 6ಕ್ಕೂ ಹೆಚ್ಚು ತೀವ್ರತೆಯದು ಆಗಿತ್ತು. ಆದರೆ ಕೊಡಗಿನಲ್ಲಿ ಕೂತು ಯೋಚಿಸಬೇಕಾದದ್ದು ಮಳೆ ಮತ್ತು ಕಡಿದ ಧರೆ.

ಪ್ರಶ್ನೆ (ಶಿರಸಿಯ ಸದಸ್ಯೆ): ಕಡಿದಾದ ಬೆಟ್ಟ ಇದ್ದರೆ ಮಾತ್ರ ಈ ಅಪಾಯವಾ ಅಕ್ಕಾ? ಸಮತಟ್ಟು ಜಾಗದಲ್ಲಿ ಇರುವುದಿಲ್ವಾ?

ಉತ್ತರ: ಇರುತ್ತದೆ. ಕಲ್ಲಿನ ಬೆಟ್ಟಕ್ಕೆ ಕಡಿದಾಗಿರುವುದು ಬೇಕು, ಸುಮಾರು 30 ಡಿಗ್ರಿ ದಾಟಿದ ಇಳಿಜಾರುಗಳಲ್ಲೇ ಜಾಸ್ತಿ. ಮಣ್ಣು ಸಡಿಲ ಇದ್ದು ನೀರು ತುಂಬಿದ್ದರೆ ಲೆಕ್ಕವೇ ಬೇರೆ. ನಡುಗಿದಾಗ ಮಣ್ಣಿನ ಕಣಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೋಗಲು ದಾರಿ ಇಲ್ಲ. ಅದರ ಒತ್ತಡ ಏರಿ ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತದೆ. ಆಗ ನೆಲ ನೆಲವಾಗಿ ಉಳಿಯುವುದಿಲ್ಲ, ಹರಿಯುತ್ತದೆ.

ಇಂಡೊನೇಷ್ಯಾದ ಪಾಲು ನಗರದಲ್ಲಿ 2018ರ ಸೆಪ್ಟೆಂಬರ್ 28ರಂದು ಇದೇ ಆಯಿತು. ತೀವ್ರತೆ 7.5. ಪೆಟೋಬೋ, ಬಲರೋವಾ ಬಡಾವಣೆಗಳು ನಿಂತಿದ್ದ ನೆಲ ಬರಿಗಣ್ಣಿಗೆ ಸಮತಟ್ಟು, ಇಳಿಜಾರು ಕೆಲವೇ ಡಿಗ್ರಿ. ಪೆಟೋಬೋ ಮೇಲ್ಗಡೆ ನೀರಾವರಿ ಕಾಲುವೆ, ಗದ್ದೆಗಳು. ಮನೆ, ರಸ್ತೆ, ಮರ ಎಲ್ಲ ನಿಂತ ಹಾಗೇ ನೂರಾರು ಮೀಟರ್ ತೇಲಿಹೋದವು. ಅದೇ ತಿಂಗಳ 6ರಂದು ಜಪಾನಿನ ಹೊಕ್ಕೈಡೊದಲ್ಲಿ 6.6ರ ಭೂಕಂಪ. ಅತ್ಸುಮಾ ಎಂಬಲ್ಲಿ ಎತ್ತರವೇನೂ ಇಲ್ಲದ, ಕಾಡು ತುಂಬಿದ ಗುಡ್ಡಗಳ ಸಾಲಿನಲ್ಲಿ ಸಾವಿರಾರು ಕಡೆ ಜರಿಯಿತು. ಕಾಡಿನ ಕೆಳಗೆ ಹಳೇ ಜ್ವಾಲಾಮುಖಿ ಉಗುಳಿದ ಹಗುರ ಕಲ್ಲಿನ ಪದರ ಇತ್ತು, ನೀರು ಹೀರಿಕೊಳ್ಳುವಂಥದ್ದು. ಮರ ಇದ್ದರೆ ಬೆಟ್ಟ ನಿಲ್ಲುತ್ತದೆ ಅನ್ನುವ ಮಾತು ಮಳೆಯ ಕುಸಿತಕ್ಕೆ ಎಷ್ಟೋ ಸಲ ಸರಿ. ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರಗಳೂ ಜೊತೆಗೇ ಬರುತ್ತವೆ. ಚೀನಾದ ಹೈಯುವಾನ್‌ನಲ್ಲಿ 1920ರಲ್ಲಿ ಗಾಳಿ ತಂದು ಹರಡಿದ ನಯವಾದ ಹಳದಿ ಮಣ್ಣು ಹೀಗೇ ಜರಿದು ಹಳ್ಳಿಗಳನ್ನು ನುಂಗಿತು.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಒಂದು ಸಲ ನಡುಗಿ ಬೀಳುವುದೆಲ್ಲ ಬಿದ್ದ ಮೇಲೆ ಆ ಕಣಿವೆ ಸುರಕ್ಷಿತ ಅಂತ ತಿಳಿಯಬಹುದಾ?

ಉತ್ತರ: ಇಲ್ಲ, ಇದನ್ನು ಜನ ತುಂಬಾ ತಪ್ಪು ತಿಳಿಯುತ್ತಾರೆ. ಬಿದ್ದದ್ದಕ್ಕಿಂತ ಬಿರುಕು ಬಿಟ್ಟು ಬೀಳದೆ ಉಳಿದದ್ದೇ ಜಾಸ್ತಿ ಇರಬಹುದು. ಬಿದ್ದ ಮಣ್ಣೂ ಹಳ್ಳಗಳ ತಲೆಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಮುಂದಿನ ಮಳೆಗಾಲ ಅದನ್ನು ಕೆಳಗೆ ತರುತ್ತದೆ. ಚೀನಾದ ವೆಂಚುವಾನ್‌ನಲ್ಲಿ ಭೂಕಂಪ ಆದದ್ದು 2008ರ ಮೇ 12ರಂದು, ತೀವ್ರತೆ 7.9. ಎರಡು ವರ್ಷದ ಮೇಲೆ, 2010ರ ಆಗಸ್ಟ್ ಮಳೆಗೆ, ಅದೇ ಕಣಿವೆಗಳಲ್ಲಿ ಕೆಸರು ಬಂಡೆಗಳ ಪ್ರವಾಹ ಬಂದು ಹೊಸದಾಗಿ ಕಟ್ಟಿದ್ದನ್ನೂ ಹೂತಿತು. ನೇಪಾಳದ ಕಾಳಿ ಗಂಡಕಿ ನದಿಗೆ ಗುಡ್ಡ ಬಿದ್ದು ಅಣೆಕಟ್ಟು ಹಾಕಿದಂತಾದದ್ದು 2015ರ ಮೇ 24ರಂದು, ದೊಡ್ಡ ಭೂಕಂಪ ಆಗಿ ಒಂದು ತಿಂಗಳ ನಂತರ.

ನದಿ ಕಟ್ಟಿಕೊಳ್ಳುವುದು ದೊಡ್ಡ ತಲೆನೋವು. ವೆಂಚುವಾನ್ ಭೂಕಂಪದಲ್ಲಿ ತಾಂಗ್‌ಜಿಯಾಶಾನ್ ಎಂಬಲ್ಲಿ ಹೀಗೆ ದೊಡ್ಡ ಕೆರೆ ತುಂಬಿತು. ಕೆಳಗಿನ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಖಾಲಿ ಮಾಡಿಸಿದರು. ಸೈನಿಕರು ಕಾಲುವೆ ತೋಡಿ ಜೂನ್‌ನಲ್ಲಿ ನೀರು ಬಿಟ್ಟರು. ನಮ್ಮ ಅಸ್ಸಾಂನಲ್ಲಿ 1950ರ ಆಗಸ್ಟ್ 15ರ ಭೂಕಂಪ ಇನ್ನೂ ದೊಡ್ಡದು, 8.6. ಬೆಟ್ಟಗಳು ಬಿದ್ದು ಸುಬನ್ಸಿರಿ ನದಿ ಕಟ್ಟಿಕೊಂಡಿತು. ಎಂಟು ದಿನದ ಮೇಲೆ ಅದು ಒಡೆದು, ಭೂಕಂಪದಲ್ಲಿ ಉಳಿದಿದ್ದ ಹಳ್ಳಿಗಳನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. ಎಲ್ಲವೂ ಒಡೆಯುವುದಿಲ್ಲ ಅನ್ನಿ. ತಜಿಕಿಸ್ತಾನದಲ್ಲಿ 1911ರ ಭೂಕಂಪಕ್ಕೆ ಬಿದ್ದ ಉಸೋಯ್ ಗುಡ್ಡ 500 ಮೀಟರಿಗೂ ಎತ್ತರ. ಅದರ ಹಿಂದಿನ ಸರೆಜ್ ಸರೋವರ ಇವತ್ತಿಗೂ ನಿಂತಿದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಮೇಡಂ, ಇಷ್ಟೆಲ್ಲ ಓದಿ ಅಮ್ಮನಿಗಿಂತ ನನಗೇ ಭಯ ಆಗಿದೆ. ಹೋಗಲಾ ಬೇಡವಾ? ಹೋದರೆ ಏನು ನೋಡಿಕೊಳ್ಳಬೇಕು?

ಉತ್ತರ: ಹೋಗಿ. ನೀವಿರುವ ಆ ಕೆಲವು ದಿನಗಳಲ್ಲೇ ದೊಡ್ಡ ಭೂಕಂಪ ಆಗುವ ಸಾಧ್ಯತೆ ತೀರಾ ಕಡಿಮೆ. ಮಳೆಯಿಂದ ರಸ್ತೆ ಮುಚ್ಚುವ ಸಾಧ್ಯತೆ ಅದಕ್ಕಿಂತ ಎಷ್ಟೋ ಜಾಸ್ತಿ. 2023ರ ಅಕ್ಟೋಬರ್ 4ರಂದು ಚುಂಗ್‌ಥಾಂಗ್ ಅಣೆಕಟ್ಟು ಕೊಚ್ಚಿಹೋದದ್ದೂ ಭೂಕಂಪಕ್ಕಲ್ಲ, ಮೇಲಿನ ಹಿಮಸರೋವರ ಒಡೆದು. ಹಾಗಾಗಿ ಅಕ್ಟೋಬರ್ ಮೊದಲ ವಾರ ಬಿಟ್ಟು ಕೊನೆಗೆ ಇಟ್ಟುಕೊಳ್ಳಿ. ವಾಪಸ್ ಬರುವ ರೈಲಿಗೋ ವಿಮಾನಕ್ಕೋ ಮುಂಚೆ ಒಂದು ದಿನ ಖಾಲಿ ಇರಲಿ. ಹೊರಡುವ ಬೆಳಿಗ್ಗೆ ರಸ್ತೆ ತೆರೆದಿದೆಯಾ ಅಂತ ಡ್ರೈವರನ್ನು ಕೇಳಿ. ಸ್ಥಳೀಯರಿಗೆ ಗೊತ್ತಿರುತ್ತದೆ. ಅವರು ಬೇಡ ಅಂದರೆ ಜಗಳ ಆಡಬೇಡಿ.

ಉಳಿಯುವ ಜಾಗ ಆರಿಸುವಾಗ ವ್ಯೂ ಬಿಟ್ಟು ಹಿಂದಿನ ಬೆಟ್ಟ ನೋಡಿ. ಹಳ್ಳ ಬೆಟ್ಟದಿಂದ ಹೊರಬೀಳುವ ಬಾಯಿಯಲ್ಲಿ ಬೀಸಣಿಗೆಯಂತೆ ಹರಡಿದ ನೆಲ ನೋಡಲು ಚೆಂದ, ಮನೆ ಕಟ್ಟಲು ಸಲೀಸು. ಅದು ಹಿಂದೆ ಬಿದ್ದ ಕಲ್ಲು ಮಣ್ಣಿನಿಂದಲೇ ಆದದ್ದು. ಹಾಗೆಯೇ ಅಂಗಳದಲ್ಲಿ ಮನೆ ಗಾತ್ರದ ಬಂಡೆ ಇದ್ದರೆ ಅದು ಎಲ್ಲಿಂದ ಬಂತು ಅಂತ ಒಮ್ಮೆ ತಲೆ ಎತ್ತಿ ನೋಡಿ.

ರಸ್ತೆಯಲ್ಲಿ ಇರುವಾಗ ನಡುಗಿದರೆ ಸೇತುವೆ ಮೇಲೆ, ಕಡಿದ ಧರೆಯ ಕೆಳಗೆ ಗಾಡಿ ನಿಲ್ಲಿಸಬೇಡಿ. ತೆರೆದ ಜಾಗ ಸಿಕ್ಕಿದ ಕಡೆ ನಿಲ್ಲಿಸಿ. ಕಲ್ಲು ಬರುತ್ತಿದ್ದರೆ ಅದರ ದಾರಿಯಲ್ಲೇ ಕೆಳಗೆ ಓಡಬೇಡಿ, ಅಡ್ಡಕ್ಕೆ ಸರಿದು ದಿಬ್ಬ ಹತ್ತಿ. ಬ್ಯಾಗಿಗೆ ಅಂತ ವಾಪಸ್ ಹೋಗಬೇಡಿ, ಮರುಕಂಪನ ನಿಮಿಷದೊಳಗೇ ಬರಬಹುದು. ಇನ್ನೊಂದು ಮಾತು ಅಮ್ಮನಿಗೂ ಹೇಳಿಡಿ. ತೀಸ್ತಾ ಆಗಲಿ ಯಾವುದೇ ಹೊಳೆಯಾಗಲಿ, ಭೂಕಂಪದ ನಂತರ ನೀರು ಇದ್ದಕ್ಕಿದ್ದಂತೆ ಇಳಿದುಹೋದರೆ ಮೇಲೆ ಎಲ್ಲೋ ಗುಡ್ಡ ಬಿದ್ದು ಕಟ್ಟಿಕೊಂಡಿರಬಹುದು. ಫೋಟೋ ತೆಗೆಯಲು ಹೊಳೆಗೆ ಇಳಿಯಬೇಡಿ, ಎತ್ತರಕ್ಕೆ ಹೋಗಿ.

ಮೈಸೂರಿನ ಸದಸ್ಯರು: ಥ್ಯಾಂಕ್ಸ್ ಮೇಡಂ. ಲಾಚುಂಗ್‌ನಲ್ಲಿ ಎರಡು ಹೋಂಸ್ಟೇ ನೋಡಿಟ್ಟಿದ್ದೇವೆ, ಒಂದು ಹೊಳೆ ಪಕ್ಕದಲ್ಲೇ ಇದೆ.

ಉತ್ತರ: ಇನ್ನೊಂದನ್ನು ಬುಕ್ ಮಾಡಿ. ಅದಕ್ಕೂ ಮುಂಚೆ ಅದರ ಹಿಂದಿನ ಬೆಟ್ಟದ ಫೋಟೋ ತರಿಸಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.