ಅಪ್ಪ ಮಹಡಿ ಹತ್ತುತ್ತಾರೆ, ಬಚ್ಚಲುಮನೆ ಹೊಸ್ತಿಲಲ್ಲಿ ನಿಂತುಬಿಡುತ್ತಾರೆ. ಯಾಕೆ?

ಮಲೆನಾಡ ಮಗಳು:
ಅಪ್ಪನಿಗೆ 67. ಪಾರ್ಕಿನ್‌ಸನ್ ಅಂತ ಗೊತ್ತಾಗಿ ಮೂರು ವರ್ಷ. ಮಹಡಿಯ 14 ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ. ಬಚ್ಚಲುಮನೆ ಬಾಗಿಲಿಗೆ ಬಂದರೆ ಮಾತ್ರ ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಅಲ್ಲೇ ನಡುಗುತ್ತದೆ. "ಮಹಡಿ ಹತ್ತೋಕೆ ಆಗುತ್ತೆ, ಇದು ಆಗಲ್ವಾ?" ಅಂತ ಅಮ್ಮ ರೇಗುತ್ತಾರೆ. ಮೊನ್ನೆ ನಾನೂ ಕೈ ಹಿಡಿದು ಎಳೆದೆ. ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ನಿಜಕ್ಕೂ ಹೀಗಾಗುತ್ತದಾ?

ಫಿಸಿಯೋ ಕೆಲಸದವನು:
ಆಗುತ್ತದೆ. ಇದಕ್ಕೆ ಫ್ರೀಜಿಂಗ್ ಅಂತಾರೆ, ಸುಮ್ನೆ ಹಟ ಅಲ್ಲ. ನಾವು ನಡೆಯುವಾಗ ಹೆಜ್ಜೆ ಬಗ್ಗೆ ಯೋಚಿಸುವುದಿಲ್ಲ ಅಲ್ವಾ? ಆ ರೂಢಿಯ ನಡಿಗೆಯಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗದ ಕೈ ದೊಡ್ಡದು. ಅದಕ್ಕೆ ಡೋಪಮೈನ್ ಅನ್ನೋ ರಾಸಾಯನಿಕ ಬೇಕು. ಡೋಪಮೈನ್ ತಯಾರಿಸುವ, ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಜಾಗದ ಕೋಶಗಳು ಈ ಕಾಯಿಲೆಯಲ್ಲಿ ಸಾಯುತ್ತಾ ಹೋಗುತ್ತವೆ. ಮೆಟ್ಟಿಲಲ್ಲಾದರೆ ಪ್ರತಿ ಅಂಚೂ ಕಣ್ಣಿಗೆ ಕಾಣುತ್ತದೆ. ಆಗ ಕಣ್ಣಿನ ಸೂಚನೆ ಬೇರೆ ದಾರಿ ಹಿಡಿದು ಕಾಲೆತ್ತಿಸುತ್ತದೆ. ಬಾಗಿಲಲ್ಲಿ ಇಕ್ಕಟ್ಟು, ತಿರುಗಬೇಕು, ಮೇಲೆ ನಿಮ್ಮ ಅವಸರ!

ನೆಲಕ್ಕೆ ಅಡ್ಡಡ್ಡ, ಒಂದೊಂದು ಹೆಜ್ಜೆ ದೂರಕ್ಕೆ ಬಣ್ಣದ ಟೇಪ್ ಅಂಟಿಸಿ. ಕೈ ಎಳೆಯಬೇಡಿ. ನಿಂತು, ಒಂದು ಕಾಲಿಗೆ ಭಾರ ಹಾಕಿ, ಇನ್ನೊಂದನ್ನು ಎತ್ತಲಿ. ಮಾತ್ರೆ ಹೊತ್ತು ಮೀರಿದಾಗ ಜಾಸ್ತಿ ಆಗುತ್ತದಾ ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಶಿರಸಿ ಸೊಸೆ:
ನಮ್ಮ ಮಾವನಿಗೆ ತಾಳ. ಭಜನೆಯ ತಾಳ ಕುಟ್ಟಿದರೆ ಹೊರಡುತ್ತಾರೆ, ನಿಲ್ಲಿಸಿದರೆ ನಿಲ್ಲುತ್ತಾರೆ. ಅಂದಹಾಗೆ, ನಿಮ್ಮ ಅಪ್ಪನಿಗೆ ವಾಸನೆ ಗೊತ್ತಾಗುತ್ತದಾ? ಮಾವನಿಗೆ ಕೈ ನಡುಗುವ ಎಷ್ಟೋ ವರ್ಷ ಮೊದಲೇ ಇಂಗಿನ ಒಗ್ಗರಣೆಯೂ ತಿಳಿಯುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಮೂಗೇ ಮೊದಲು ಕೈ ಕೊಡುತ್ತದಂತೆ. ನಮಗೆ ಡಾಕ್ಟರ್ ಹೇಳಿದ್ದು.

ಮಲೆನಾಡ ಮಗಳು:
ಅಯ್ಯೋ, ವಾಸನೆ! ಐದಾರು ವರ್ಷದ ಹಿಂದೆ ಹಾಲು ಉಕ್ಕಿ, ಪಾತ್ರೆ ಸೀದು ಕರಕಲಾದರೂ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಅವತ್ತು ಅಮ್ಮನ ಹತ್ತಿರ ಬೈಸಿಕೊಂಡಿದ್ದರು.

ನಿನ್ನೆ ಕೆಂಪು ಇನ್ಸುಲೇಷನ್ ಟೇಪ್ ತಂದು ಐದು ಪಟ್ಟಿ ಹಾಕಿದೆ. ಹೊಸ ಟೈಲ್ಸ್ ಹಾಳು ಅಂತ ಅಮ್ಮ ಗೊಣಗಿದರು. ಅಪ್ಪ ಒಂದೊಂದೇ ಪಟ್ಟಿ ದಾಟುತ್ತಾ ಸೀದಾ ಒಳಗೆ ಹೋದರು. ಇವತ್ತು ಬೆಳಿಗ್ಗೆ ನಾಲ್ಕನೆಯ ಪಟ್ಟಿ ನೀರಿಗೆ ಕಿತ್ತುಬಂದಿತ್ತು, ಸರಿಯಾಗಿ ಅಲ್ಲೇ ನಿಂತುಬಿಟ್ಟರು. ನಾನು ಏಳುವಷ್ಟರಲ್ಲಿ ಅಮ್ಮನೇ ಸೆರಗಿನಿಂದ ನೆಲ ಒರೆಸಿ, ಪಟ್ಟಿ ಅಂಟಿಸುತ್ತಿದ್ದರು.