ಕಿಡ್ನಿ ಕೊಟ್ಟ ಮೇಲೆ ಹೊಟ್ಟೆಗಿಂತ ಭುಜಾನೇ ಜಾಸ್ತಿ ನೋಯುತ್ತೆ, ಯಾಕೆ?

ಪ್ರಶ್ನೆ: ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಮಾಡೋ ಆಪರೇಷನ್) ಎಡ ಕಿಡ್ನಿ ತೆಗೆದು ಇವತ್ತಿಗೆ ಮೂರನೇ ದಿನ. ಗಾಯಕ್ಕಿಂತ ಭುಜದ ತುದಿ ಚುಚ್ಚುತ್ತೆ, ಹೊಟ್ಟೆ ಉಬ್ಬರಿಸಿದೆ, ಹಾಸಿಗೆಯಿಂದ ಏಳೋದೇ ಕಷ್ಟ. ಐಬುಪ್ರೊಫೆನ್ ತಗೋಬಹುದಾ?

ಉತ್ತರ 1: ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಅವು ಕಿಡ್ನಿಗೆ ಹೋಗೋ ರಕ್ತ ತಗ್ಗಿಸುತ್ತವೆ, ಈಗ ಉಳಿದಿರೋದು ಒಂದೇ. ಪ್ಯಾರಸಿಟಮಾಲ್ ಬರೆದುಕೊಟ್ಟ ಹೊತ್ತಿಗೆ ತಗೊಳ್ಳಿ, ನೋವು ಏರೋವರೆಗೆ ಕಾಯಬೇಡಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ, ತೂಕ ಕಡಿಮೆಯಿದ್ದರೆ ಇನ್ನೂ ಕಡಿಮೆ. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತೆ, ಲೆಕ್ಕಕ್ಕೆ ಸೇರಿಸಿ. ಭುಜದ್ದು ಗ್ಯಾಸಿನ ನೋವು: ಆಪರೇಷನ್‌ಗೆಂದು ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆರಳಿಸುತ್ತೆ, ಅಲ್ಲಿನ ನರದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತೆ. ಆಗಾಗ ಎದ್ದು ನಡೆದಾಡಿ, ಕೆಲವೇ ದಿನದಲ್ಲಿ ಇಳಿಯುತ್ತೆ.

ಉತ್ತರ 2: ನೆಟ್ಟಗೆ ಮೇಲೇಳಬೇಡಿ. ಮಂಡಿ ಮಡಚಿ, ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಡುತ್ತಲೇ ಮೊಣಕೈ ಊರಿ ಏಳಿ. ಕೆಮ್ಮು ಬಂದರೆ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಮಲ ಕಟ್ಟಿಸುತ್ತೆ, ತಿಣುಕಿದರೆ ಹೊಲಿಗೆಗೆ ಪೆಟ್ಟು. ಮಲ ಸಡಿಲಿಸೋ ಔಷಧಿ ಮೊದಲೇ ಕೇಳಿ ತಗೊಳ್ಳಿ. ಆರು ವಾರ 4-5 ಕೆಜಿ ಮೀರಿ ಎತ್ತಬೇಡಿ. ಕಿಡ್ನಿ ಹೊರತೆಗೆದ ಉದ್ದ ಗಾಯ ಇದೆಯಲ್ಲ, ಹರ್ನಿಯಾ (ಗಾಯದ ಜಾಗದಲ್ಲಿ ಕರುಳು ಹೊರಚಾಚೋದು) ಭಯ ಅಲ್ಲೇ.

ಉತ್ತರ 3: ಗಂಡಸರಾದರೆ ಎಡ ವೃಷಣವೂ ನೋಯಬಹುದು, ಊದಬಹುದು. ಎಡ ಕಿಡ್ನಿ ತೆಗೆಯುವಾಗ ಅಲ್ಲಿಂದ ಬರೋ ಅಭಿಧಮನಿಯನ್ನೂ ಎಷ್ಟೋ ಸಲ ಕಟ್ಟಬೇಕಾಗುತ್ತೆ. ಕೇಳದೆ ಯಾರೂ ಹೇಳದ ಮಾತಿದು! ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ, ರಕ್ತದಲ್ಲಿರೋ ಕಶ್ಮಲ) ಮೊದಲಿಗಿಂತ ಏರಿರುತ್ತೆ, ಒಂದೇ ಕಿಡ್ನಿಗೆ ಅದು ಸಹಜ. ಆದರೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಒಂದೇ ಮೀನಖಂಡ ಊದಿ ನೊಂದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಹೊರಡಿ.